ಗದ್ದದ ಮೇಲಿನ ಐದು ಚುಕ್ಕೆ

ದುಂಡಮ್ಮಳ ತವರುಮನೆಯಲ್ಲಿ ಕನ್ನಡಿ ಇರಲಿಲ್ಲ.

ಕಮಲಾಪುರದಲ್ಲಿ ಅವರದು ಎರಡು ಅಂಕಣದ ಮನೆ. ಒಂದರಲ್ಲಿ ಎತ್ತು, ಇನ್ನೊಂದರಲ್ಲಿ ಮನುಷ್ಯರು. ಅಪ್ಪ ಗಡ್ಡ ಮಾಡಿಸಿಕೊಳ್ಳಲು ಬಸ್ ನಿಲ್ಲುವ ಕಡೆ ಹೋಗುತ್ತಿದ್ದ. ಅವ್ವ ಕುಂಕುಮವನ್ನು ಬೆರಳಿನ ಅಂದಾಜಿನಲ್ಲೇ ಇಟ್ಟುಕೊಳ್ಳುತ್ತಿದ್ದಳು, ಅದು ಒಂದು ದಿನವೂ ಹುಬ್ಬಿನ ಮೇಲೆ ಹೋದದ್ದಿಲ್ಲ. ಹಾಗಾಗಿ ಕನ್ನಡಿ ಬೇಕು ಅಂತ ಆ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ದುಂಡಮ್ಮಳಿಗೆ ತನ್ನ ಮುಖ ಹೇಗಿದೆ ಎಂದು ತಿಳಿಯಬೇಕಾದರೆ ಮಗ್ಗುಲ ಮನೆಯ ತುಳಜಾಬಾಯಿಯನ್ನು ಕೇಳಬೇಕಿತ್ತು.

"ನನ್ನ ಮಾರಿ ಹೆಂಗದಲೇ?"

"ಎಮ್ಮಿಕರ ಇದ್ದಂಗ ಅದ."

"ಮತ್ತ ನಿಂದು?"

"ನಂದು ಅದರ ಅವ್ವಂದು ಇದ್ದಂಗ ಅದ."

ಇಬ್ಬರಿಗೂ ಆಗ ಹತ್ತು ವರ್ಷ. ಕೆಂಪು ಬಾಳೆಗೊನೆಗಳನ್ನು ಲಾರಿಗೆ ತುಂಬುವ ಬಯಲಿನಲ್ಲಿ ಐದು ಹುಡುಗಿಯರು ದಿನವಿಡೀ ಬಿದ್ದಿರುತ್ತಿದ್ದರು. ದುಂಡಮ್ಮ, ತುಳಜಾಬಾಯಿ, ಪುತಳಾಬಾಯಿ, ರೇವತಿ, ಮತ್ತೆ ಬಳೆಗಾರ ಬುರ್ಹಾನುದ್ದೀನನ ಮಗಳು ಅಮೀನಾ. ಐವರ ಲಂಗದ ಮೇಲೂ ಬಾಳೆಯ ಸೊನೆಯ ಕಂದು ಕಲೆ. ಎಷ್ಟು ತಿಕ್ಕಿದರೂ ಹೋಗದ ಆ ಕಲೆಗಾಗಿ ಐವರೂ ತಮ್ಮ ತಮ್ಮ ಅವ್ವಂದಿರಿಂದ ಏಟು ತಿಂದಿದ್ದರು.

ಆ ವರ್ಷದ ಸುಗ್ಗಿ ಮುಗಿದ ಮೇಲೆ ಹಚ್ಚೆ ಹಾಕುವ ಮುದುಕಿ ಊರಿಗೆ ಬಂದಳು. ಬಯಲಿನ ಬೇವಿನ ಮರದ ಕೆಳಗೆ ಕುಳಿತು, ಮೂರು ಸೂಜಿಗಳನ್ನು ದಾರದಿಂದ ಬಿಗಿದು, ತೆಂಗಿನ ಕರಟದಲ್ಲಿ ದೀಪದ ಮಸಿ ಕಲಸಿಟ್ಟಳು. ಒಂದು ಸೇರು ಜೋಳ, ಒಂದು ಚಿಪ್ಪು ಬಾಳೆಹಣ್ಣು ಕೊಟ್ಟರೆ ಗದ್ದದ ಮೇಲೆ ಐದು ಚುಕ್ಕೆ: ಮೇಲೆ ಎರಡು, ಕೆಳಗೆ ಎರಡು, ನಡುವೆ ಒಂದು. ಹುಡುಗಿಯರು ಅಳಬಾರದೆಂದು ಮುದುಕಿಯದೊಂದು ಉಪಾಯವಿತ್ತು. ಒಂದೊಂದು ಚುಕ್ಕೆ ಚುಚ್ಚುವಾಗಲೂ ಒಬ್ಬೊಬ್ಬರ ಹೆಸರು ಕೂಗಬೇಕು. ಹೆಸರು ಕೂಗುವ ಬಾಯಿಗೆ ಅಳಲು ಪುರುಸೊತ್ತಿರುವುದಿಲ್ಲ. ದುಂಡಮ್ಮ ಐದು ಹೆಸರು ಕೂಗಿದಳು. ತುಳಜಾಬಾಯಿ ಮಗ್ಗುಲಲ್ಲೇ ಕುಳಿತು ಕೇಳಿಸಿಕೊಂಡಳು. ಆಮೇಲೆ ತುಳಜಾಬಾಯಿಯ ಅಜ್ಜಿ, ಮನೆಯವರೆಲ್ಲ ಆಯಿ ಅಂತ ಕರೆಯುತ್ತಿದ್ದ ಮುದುಕಿ, ನಾಲ್ವರ ಗದ್ದಕ್ಕೂ ಅರಿಶಿಣ, ಹರಳೆಣ್ಣೆ, ಕಾಡಿಗೆ ಕಲಸಿ ಹಚ್ಚಿದಳು. ಕೀವಾಗುವುದಿಲ್ಲ, ಬಣ್ಣವೂ ಕೂರುತ್ತದೆ ಎಂದಳು.

ನಾಲ್ವರಿಗೆ ಮಾತ್ರ. ಅಮೀನಾಳ ಮನೆಯಲ್ಲಿ ಹಚ್ಚೆ ನಡೆಯುತ್ತಿರಲಿಲ್ಲ. ಅದಕ್ಕೆ ಅವಳು ದಿನಾ ಬೆಳಿಗ್ಗೆ ತುಳಜಾಬಾಯಿಯ ಮನೆಗೆ ಬಂದು ಆಯಿಯ ಕಾಡಿಗೆ ಡಬ್ಬಿ ತೆಗೆದು ಗದ್ದದ ಮೇಲೆ ಐದು ಚುಕ್ಕೆ ಇಟ್ಟುಕೊಳ್ಳುತ್ತಿದ್ದಳು. ಸಂಜೆ ಮನೆಗೆ ಹೋಗುವ ಮುಂಚೆ ಓಢಣಿಯಿಂದ ಒರೆಸಿಕೊಳ್ಳುತ್ತಿದ್ದಳು. ಒಂದು ದಿನ ಮರೆತಳು. ಬುರ್ಹಾನುದ್ದೀನ್ ಚಾಚಾ ಬೈಯಲಿಲ್ಲ. ಮಗಳ ಗದ್ದ ಎತ್ತಿ ಹಿಡಿದು ನೋಡಿ, "ನಡುವಿಂದು ಡೊಂಕ ಆಗ್ಯಾದ ಬೇಟಾ" ಅಂದು ತಾನೇ ಒರೆಸಿದ.

ಆವತ್ತಿನಿಂದ ದುಂಡಮ್ಮಳಿಗೆ ಕನ್ನಡಿಯ ಕೆಲಸವೇ ಉಳಿಯಲಿಲ್ಲ. ಎದುರಿಗಿದ್ದವಳ ಗದ್ದ ನೋಡಿದರೆ ಸಾಕು, ತನ್ನದೂ ಹಾಗೇ ಎಂದು ಗೊತ್ತಾಗುತ್ತಿತ್ತು.

ಹದಿನೈದನೇ ವಯಸ್ಸಿಗೆ ಅದೇ ಹಚ್ಚೆ ಬೇಡವಾಯಿತು. ಶಹರದಿಂದ ತುಳಜಾಬಾಯಿಯನ್ನು ನೋಡಲು ಬಂದ ವರ, ಹಚ್ಚಿ ಮಾರಿ ಹುಡುಗಿ ಬೇಡ ಅಂದುಬಿಟ್ಟ. ಮರುದಿನ ಗೆಳತಿಯರಿಬ್ಬರೂ ಬಾವಿಕಟ್ಟೆಯ ಹಿಂದೆ ಕುಳಿತು ಗದ್ದಕ್ಕೆ ಸುಣ್ಣ ತಿಕ್ಕಿಕೊಂಡರು. ಎರಡು ನಿಮಿಷದಲ್ಲಿ ಇಬ್ಬರೂ ಕಿರುಚುತ್ತ ಬಾವಿಯ ಮೆಟ್ಟಿಲಿಳಿದು ನೀರಿಗೆ ಮುಖ ಅದ್ದಿದರು. ಚರ್ಮ ಸುಟ್ಟಿತು, ಹಚ್ಚೆ ಹಾಗೇ ಇತ್ತು.

"ತೆಗಿಸೂದಿದ್ರ ಮುಂದ ಇಬ್ರೂ ಕೂಡೇ ತೆಗಿಸೂನು," ಎಂದಿದ್ದಳು ತುಳಜಾಬಾಯಿ, ಉರಿಯುವ ಗದ್ದಕ್ಕೆ ಒದ್ದೆ ಸೆರಗು ಒತ್ತಿ ಹಿಡಿದು. "ಒಬ್ಬಾಕಿನೇ ತೆಗಿಸಿದ್ರ ನೋಡು, ನಾ ಗುರ್ತ ಹಿಡ್ಯಂಗಿಲ್ಲ."

"ನಾನೂ ಹಿಡ್ಯಂಗಿಲ್ಲ," ಎಂದಿದ್ದಳು ದುಂಡಮ್ಮ.

ಈಗ ದುಂಡಮ್ಮಳಿಗೆ ನಲವತ್ತಾರು. ಕಲಬುರಗಿಯ ಐವಾನ್-ಎ-ಶಾಹಿ ಕಡೆಯ ಒಂದು ಗಲ್ಲಿಯಲ್ಲಿ ಮೂರು ಒಲೆಗಳ ರೊಟ್ಟಿಮನೆ ನಡೆಸುತ್ತಾಳೆ. ದಿನಕ್ಕೆ ಮುನ್ನೂರು ಜೋಳದ ರೊಟ್ಟಿ. ಗಂಡ ಗುರುಲಿಂಗ ಟಂಟಂ ಆಟೋ ಓಡಿಸುತ್ತಾನೆ, ಮಧ್ಯಾಹ್ನ ಮನೆಮನೆಗೆ ರೊಟ್ಟಿ ಮುಟ್ಟಿಸುತ್ತಾನೆ. ಮಗಳು ಪ್ರೀತಿ ಜೇವರ್ಗಿ ಕಾಲೋನಿಯ ಒಂದು ಚರ್ಮದ ದವಾಖಾನೆಯಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದಾಳೆ.

ರೊಟ್ಟಿಮನೆಗೆ ಹೆಸರಿತ್ತು. ಮನೆದೇವರ ಹೆಸರಿನ ಬೋರ್ಡು ಬರೆಸಿ, ಎರಡು ಬದಿಗೆ ನಂದಿಯ ಚಿತ್ರವನ್ನೂ ಬರೆಸಿದ್ದಳು. ಅದನ್ನು ಓದಿದವರು ಒಬ್ಬರೂ ಇಲ್ಲ. ಇಡೀ ಗಲ್ಲಿಗೆ ಅದು "ಹಚ್ಚಿ ಆಂಟಿ ರೊಟ್ಟಿ." ಫೋನಿನಲ್ಲಿ ಆರ್ಡರ್ ಹೇಳುವವರು, "ಹಚ್ಚಿ ಆಂಟಿ ಅದಾರೇನ್ರಿ?" ಅಂತಲೇ ಶುರು ಮಾಡುತ್ತಿದ್ದರು. ಬ್ಯಾಂಕಿನಲ್ಲಿ, ಮಗಳ ಕಾಲೇಜಿನಲ್ಲಿ, ಮದುವೆಮನೆಗಳಲ್ಲಿ ದುಂಡಮ್ಮ ಸೆರಗನ್ನು ಗದ್ದದ ಮೇಲೆ ಹಿಡಿದೇ ಮಾತಾಡುವುದನ್ನು ಕಲಿತಿದ್ದಳು. ಇಪ್ಪತ್ತು ವರ್ಷ ಹಾಗೆ ಹಿಡಿದು ಅವಳ ಬಲಗೈ ತಾನಾಗಿಯೇ ಮೇಲೇಳುತ್ತಿತ್ತು.

ಲೇಸರ್ ವಿಷಯ ತೆಗೆದವಳು ಪ್ರೀತಿ. ತೀರ್ಮಾನ ಮಾಡಿದವಳು ದುಂಡಮ್ಮ. ಯಾರೂ ಒತ್ತಾಯ ಮಾಡಲಿಲ್ಲ, ಆಮೇಲೆ ತಪ್ಪನ್ನು ಯಾರ ಮೇಲೂ ಹಾಕುವ ಹಾಗೂ ಇರಲಿಲ್ಲ.

"ನಾ ನಿನ್ನ ಮಾರಿ ನೋಡಿ ಮದುವಿ ಆಗಿಲ್ಲ," ಎಂದ ಗುರುಲಿಂಗ. "ನಿನ್ನ ಕೈಯಾಗಿನ ರೊಟ್ಟಿ ನೋಡಿ ಆಗೀನಿ."

"ಹಂಗಾದ್ರ ಮಾರಿ ಬಗ್ಗಿ ನೀವು ಮಾತಾಡಬ್ಯಾಡ್ರಿ," ಎಂದಳು ದುಂಡಮ್ಮ.

ಮೊದಲ ಸಲ ಹೋದದ್ದು ದಸರಾ ಆದ ಮೇಲೆ. ಗದ್ದಕ್ಕೆ ಮರಗಟ್ಟುವ ಕ್ರೀಮು ಹಚ್ಚಿ, ಕಣ್ಣಿಗೆ ಕಪ್ಪು ಮುಚ್ಚಳ ಹಾಕಿ ಮಲಗಿಸಿದರು. ಚಟ್ ಚಟ್ ಎಂದು ಸದ್ದು, ಕೂದಲು ಸುಟ್ಟ ವಾಸನೆ. ಬಿಸಿ ಹಂಚಿನಿಂದ ಜೋಳದ ಹಿಟ್ಟು ಸಿಡಿದು ತಾಗಿದಂತೆ ಅನ್ನಿಸಿತು, ಅಷ್ಟೇ. ಚುಕ್ಕೆಗಳು ಆಗಲೇ ಬೆಳ್ಳಗಾಗಿ, ಒಂದು ತಾಸಿನಲ್ಲಿ ಊದಿ, ವಾರದಲ್ಲಿ ಹಕ್ಕಳೆಗಟ್ಟಿ ಉದುರಿದವು. ಕಪ್ಪು ಹಸಿರಾಗಿದ್ದ ಹಚ್ಚೆ ಬೂದಿಯ ಬಣ್ಣಕ್ಕೆ ಬಂತು. ಮಕರ ಸಂಕ್ರಾಂತಿಯ ಹೊತ್ತಿಗೆ ಎರಡನೇ ಸಲ. ಇನ್ನೂ ತೆಳುವಾಯಿತು.

ಈ ಆರೇಳು ತಿಂಗಳು ದುಂಡಮ್ಮ ಕಮಲಾಪುರಕ್ಕೆ ಹೋಗಲಿಲ್ಲ. ಬಸ್ಸಿನಲ್ಲಿ ಒಂದು ತಾಸಿನ ದಾರಿ. ದೀಪಾವಳಿಗೆ ಮೈ ಸರಿಯಿಲ್ಲ ಎಂದಳು, ಸಂಕ್ರಾಂತಿಗೆ ಆರ್ಡರ್ ಬಹಳ ಇದೆ ಎಂದಳು, ಯುಗಾದಿಗೆ ನೆವ ಹುಡುಕಲು ಬೇಸರವಾಗಿ ಫೋನನ್ನೇ ಎತ್ತಲಿಲ್ಲ. ಊರಲ್ಲೇ ಮದುವೆಯಾಗಿ ಉಳಿದ ತುಳಜಾಬಾಯಿಗೆ ಹೇಳಬೇಕು, ಎಲ್ಲ ಮುಗಿದ ಮೇಲೆ ಎದುರಿಗೆ ನಿಂತು ಹೇಳಬೇಕು ಅಂದುಕೊಂಡಿದ್ದಳು. ತುಳಜಾಬಾಯಿಯ ಮಗಳು ನಾಗರತ್ನಾಳ ಮದುವೆ ಮೇ ತಿಂಗಳಲ್ಲಿ ಗೊತ್ತಾಗಿತ್ತು. ಅವತ್ತು ಹೇಳಿದರಾಯಿತು. ಮದುವೆಮನೆಯಲ್ಲಿ ಯಾರೂ ಬಹಳ ಹೊತ್ತು ಸಿಟ್ಟು ಹಿಡಿದು ಕೂರುವುದಿಲ್ಲ.

ಅದಕ್ಕೇ ಮೂರನೇ ಸಲಕ್ಕೆ ಅವಸರ ಮಾಡಿದಳು.

"ಮದುವಿ ಮುಗಿಸ್ಕೊಂಡು ಬರ್ರಿ ಅಮ್ಮಾರ," ಎಂದರು ಡಾಕ್ಟರ್ ವಿವೇಕಾನಂದ. "ಈ ಬಿಸಿಲಾಗ ಬ್ಯಾಡ. ಹಳೇ ಹಚ್ಚಿ, ಸೂಜಿ ಎಲ್ಲಿ ಎಷ್ಟು ಇಳದದೋ ಗೊತ್ತಾಗಂಗಿಲ್ಲ. ಈ ಸಲ ಜೋರ ಕೊಡಬೇಕಾಗ್ತದ."

"ಮದುವಿ ಸಲುವಾಗೇ ಬಂದೀನ್ರಿ. ಫೋಟೋದಾಗ ಗದ್ದ ಸ್ವಚ್ಛ ಕಾಣಬೇಕು."

"ಮದುವಿ ಎಂದದ?"

"ಇನ್ನಾ ಹದಿನಾರು ದಿನ ಅದರಿ."

ಡಾಕ್ಟರು ಪ್ರೀತಿಯ ಕಡೆ ನೋಡಿದರು. ಪ್ರೀತಿ ಮೇಲಿನ ಫ್ಯಾನಿನ ಕಡೆ ನೋಡಿದಳು.

"ಹದಿನೈದು ದಿನ ಒಲಿ ಮುಂದ ಕೂಡಬ್ಯಾಡ್ರಿ," ಎಂದರು ಡಾಕ್ಟರು ಕೊನೆಗೆ. "ಬಿಸಿಲಿಗಿ ಹೋಗಬ್ಯಾಡ್ರಿ. ಗುಳ್ಳಿ ಎದ್ರ ಒಡಿಬ್ಯಾಡ್ರಿ. ಈ ಮುಲಾಮು ಬಿಟ್ಟು ಬ್ಯಾರೆ ಏನೂ ಹಚ್ಚಬ್ಯಾಡ್ರಿ. ಅರಿಶಿಣ ಇಲ್ಲ, ಎಣ್ಣಿ ಇಲ್ಲ, ಕಾಡಿಗಿ ಇಲ್ಲ, ಯಾರರ ಹೇಳಿದ್ದು ಯಾವುದೂ ಇಲ್ಲ. ಮಾತ ಕೇಳಿಲ್ಲಂದ್ರ ಕರೀ ಕಲಿ ಬೀಳ್ತದ, ಇಲ್ಲಾ ಬಿಳೀ ಕಲಿ ಬೀಳ್ತದ. ಆಮ್ಯಾಲ ನನಗ ಕೇಳಬ್ಯಾಡ್ರಿ."

ದುಂಡಮ್ಮ ಬೆರಳು ಮಡಚಿ ಎಣಿಸಿದಳು. ಹದಿನೈದು ದಿನ ಮುಗಿದ ಮರುದಿನ ಮದುವೆ. ಬರೋಬ್ಬರಿ ಕೂರುತ್ತದೆ. ಒಲೆಗೆ ಗಲ್ಲಿಯ ಇಬ್ಬರು ಹೆಂಗಸರನ್ನು ಗೊತ್ತುಮಾಡಿದಳು. ಅವಳ ಎಣಿಕೆಯಲ್ಲಿ ಮದುವೆ ಇತ್ತು, ಮದುವೆಯ ರೊಟ್ಟಿ ಇರಲಿಲ್ಲ. ಮೂವತ್ತು ವರ್ಷ ರೊಟ್ಟಿ ಬಡಿದವಳು ಮರೆತದ್ದು ಅದನ್ನೇ.

ಈ ಸಲ ಗದ್ದ ಮೊದಲಿನಂತೆ ಇರಲಿಲ್ಲ. ಸಂಜೆಗೆ ನಿಂಬೆಹಣ್ಣಿನಂತೆ ಊದಿತು. ಮರುದಿನ ಐದೂ ಚುಕ್ಕೆಗಳ ಮೇಲೆ ಗುಳ್ಳೆ ಎದ್ದವು. ನಾಲ್ಕನೇ ದಿನ ಮೇಲಿನ ಎರಡೂ ನಡುವಿನದೂ ಒಣಗತೊಡಗಿದವು, ಕೆಳಗಿನ ಎರಡು ನೀರು ತುಂಬಿಕೊಂಡು ಹಾಗೇ ಇದ್ದವು. ತುರಿಕೆ ಬಂದರೆ ಮುಟ್ಟುವಂತಿಲ್ಲ. ಪ್ರೀತಿ ಮನೆಯ ಎರಡೂ ಕನ್ನಡಿಗೆ ಟವೆಲ್ ಹೊದಿಸಿದಳು. ತಾಸಿಗೊಮ್ಮೆ ನೋಡಿಕೊಂಡರೆ ಕೈ ಸುಮ್ಮನಿರುವುದಿಲ್ಲ, ದವಾಖಾನೆಗೆ ಬರುವವರೆಲ್ಲ ಹೀಗೇ ಕೆಡಿಸಿಕೊಳ್ಳುತ್ತಾರೆ ಎಂದಳು.

ಕನ್ನಡಿಯಿಲ್ಲದ ಮನೆಯಲ್ಲಿ ದುಂಡಮ್ಮ ಕೂಲರಿನ ಮುಂದೆ ಕುಳಿತಳು. ಹೊರಗೆ ನಲವತ್ಮೂರು ಡಿಗ್ರಿ. ಒಲೆಯಿಲ್ಲದ ಕೈಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮೊದಲ ದಿನ ಅಕ್ಕಿ ಆರಿಸಿದಳು, ಎರಡನೇ ದಿನ ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದಳು. ಆಮೇಲೆ ಸುಮ್ಮನೆ ಕುಳಿತಳು. ಸುಮ್ಮನೆ ಕುಳಿತವಳ ತಲೆಗೆ ಹಳೆಯದು ಬಂತು. ಬೇವಿನ ಮರ, ಕರಟದಲ್ಲಿನ ಮಸಿ, ಮುದುಕಿಯ ತೊಡೆಯ ಮೇಲೆ ಇಟ್ಟಿದ್ದ ತನ್ನ ತಲೆ. ಆ ಮುದುಕಿಯ ಸೀರೆಯಲ್ಲಿ ಎಲೆಯಡಿಕೆಯ ವಾಸನೆ ಇತ್ತು. ಅವತ್ತು ತಾನು ಯಾವ ಚುಕ್ಕೆಗೆ ಯಾರ ಹೆಸರು ಕೂಗಿದೆ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಐದು ಹೆಸರು ಗೊತ್ತು, ಯಾವುದು ಎಲ್ಲಿ ಎನ್ನುವುದು ಗೊತ್ತಿಲ್ಲ. ಪುತಳಾಬಾಯಿ ಎರಡನೇ ಹೆರಿಗೆಯಲ್ಲಿ ಸತ್ತು ಹತ್ತೊಂಬತ್ತು ವರ್ಷವಾಗಿತ್ತು. ರೇವತಿ ಗಂಡನ ಕೂಡ ಸೊಲ್ಲಾಪುರದ ಕಡೆ ಹೋದವಳು, ಈಗ ಎಲ್ಲಿದ್ದಾಳೋ ಯಾರಿಗೂ ತಿಳಿಯದು. ಅಮೀನಾ ಇದೇ ಶಹರದ ಮೋಮಿನಪುರದಲ್ಲಿ ಬಳೆ ಅಂಗಡಿ ಇಟ್ಟಿದ್ದಾಳೆ. ವರ್ಷಕ್ಕೊಮ್ಮೆ ಬಳೆ ಇಡಿಸಿಕೊಳ್ಳಲು ಹೋದಾಗ, ಕೈ ಹಿಡಿಯುವ ಮುಂಚೆ ಗದ್ದ ನೋಡಿ ನಗುತ್ತಾಳೆ.

ಐದನೇ ದಿನ ತುಳಜಾಬಾಯಿಯ ಫೋನ್ ಬಂತು. ಈ ಸಲ ಎತ್ತದೆ ಇರಲು ಆಗಲಿಲ್ಲ.

"ಏ ದುಂಡಿ, ಜೀವಂತ ಅದಿ ಏನು?"

"ಅದೀನಿ ಬೇ."

"ದೀಪಾವಳಿಗಿ ಇಲ್ಲ, ಸಂಕ್ರಾಂತಿಗಿ ಇಲ್ಲ, ಯುಗಾದಿಗಿ ಇಲ್ಲ. ಮಂತ್ರಿಗಿಂತ್ರಿ ಆಗಿ ಏನು? ಚೀಟಿ ಕಳಿಸಿ ಭೆಟ್ಟಿ ಆಗಬೇಕೇನು ನಿನಗ?"

"ಕೆಲಸ ಭಾಳ ಅದ ಬೇ."

"ಕೆಲಸ ನನ್ನ ಮನ್ಯಾಗ ಅದ. ಮಂಗಳವಾರ ಮದುವಿ ರೊಟ್ಟಿ. ಒಂದು ಸಾವಿರ ಆಗಬೇಕು. ಹಿಟ್ಟ ಬೀಸಿಸೀನಿ, ಹಂಚ ತೊಳದೀನಿ. ಮೊದಲನೇ ರೊಟ್ಟಿ ನಿನ್ನ ಕೈದು. ನೀ ಬರೂತನ ಒಲಿ ಹೊತ್ತಸಂಗಿಲ್ಲ, ನೋಡು ಮತ್ತ."

ಫೋನ್ ಇಟ್ಟಳು. ಮಂಗಳವಾರವೆಂದರೆ ಲೇಸರ್ ಆದ ಏಳನೇ ದಿನ.

ಆ ಕಡೆ ಮದುವೆಗೆ ವಾರ ಮುಂಚೆ ರೊಟ್ಟಿ ಬಡಿದು, ಒಲೆಯ ಬಿಸಿಗೆ ಗರಿಗರಿ ಒಣಗಿಸಿ, ಬುಟ್ಟಿಗಳಲ್ಲಿ ಜೋಡಿಸಿಡುತ್ತಾರೆ. ಕರುಳಿಗೆ ಹತ್ತಿರದವಳು ಮೊದಲ ರೊಟ್ಟಿ ಹಾಕಬೇಕು. ದುಂಡಮ್ಮಳ ಮಗಳು ಪ್ರೀತಿಗೆ ಐದು ವರ್ಷವಾದಾಗ, ಅವಳ ಜಾವಳದ ಊಟಕ್ಕೆ ರೊಟ್ಟಿ ಹಾಕಲು ತುಳಜಾಬಾಯಿ ಮೈತುಂಬ ಜ್ವರ ಇಟ್ಟುಕೊಂಡು ಕಲಬುರಗಿಗೆ ಬಂದಿದ್ದಳು.

"ಹ್ವಾದ್ರ ನಾ ಮತ್ತ ನಿನಗ ಮುಲಾಮು ತಂದು ಕೊಡಂಗಿಲ್ಲ," ಎಂದಳು ಪ್ರೀತಿ.

"ಒಲಿ ಮುಂದ ಕೂಡಂಗಿಲ್ಲ ಬೇ. ಮಾರಿ ತೋರ್ಸಿ ಬರ್ತೀನಿ."

"ಯಾವ ಮಾರಿ ತೋರ್ಸ್ತಿ?"

ಮಂಗಳವಾರ ದುಂಡಮ್ಮ ಮಗಳ ಸ್ಕಾರ್ಫನ್ನು ಕಣ್ಣಷ್ಟೇ ಕಾಣುವಂತೆ ಸುತ್ತಿಕೊಂಡು ಬೆಳಗಿನ ಬಸ್ಸು ಹತ್ತಿದಳು.

ತುಳಜಾಬಾಯಿಯ ಅಂಗಳದಲ್ಲಿ ತಗಡಿನ ನೆರಳಿನ ಕೆಳಗೆ ನಾಲ್ಕು ಒಲೆ ಹೂಡಿದ್ದರು. ಎಂಟು ಹತ್ತು ಹೆಂಗಸರು ಹಿಟ್ಟಿನ ಸುತ್ತ ಕುಳಿತು ಕಾಯುತ್ತಿದ್ದರು. ಒಲೆ ನಿಜವಾಗಿಯೂ ಹೊತ್ತಿಸಿರಲಿಲ್ಲ.

"ಯಾರಬೇ ಇದು, ದರೋಡಿಗಿ ಬಂದಾಕಿ?" ಎಂದಳು ತುಳಜಾಬಾಯಿ ಸ್ಕಾರ್ಫು ನೋಡಿ. ಹೆಂಗಸರು ನಕ್ಕರು.

"ಧೂಳ ಭಾಳ ಬೇ ಹಾದ್ಯಾಗ."

"ಒಳಗ ಬಾ. ನೀರ ಕುಡಿ ಮೊದಲ."

ಒಳಮನೆಯಲ್ಲಿ ತುಳಜಾಬಾಯಿಯೇ ಸ್ಕಾರ್ಫಿನ ಗಂಟು ಬಿಚ್ಚಿದಳು. ಬಿಚ್ಚಿ, ಗದ್ದವನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಊದಿದ ಗದ್ದ, ಅದರ ಮೇಲೆ ಕೆಂಪಗೆ ಎದ್ದು ನಿಂತ ಐದು ಚುಕ್ಕೆ. ಮೂವತ್ತಾರು ವರ್ಷದ ಹಿಂದೆ ಬೇವಿನ ಮರದ ಕೆಳಗಿಂದ ಎದ್ದುಬಂದ ಸಂಜೆ ಹೇಗಿತ್ತೋ ಹಾಗೇ. ತುಳಜಾಬಾಯಿಯ ಮುಖ ಅರಳಿತು.

"ಅಯ್ಯ ನಿನ್ನ! ಹೊಸದಾಗಿ ಹಾಕಿಸಿದಿ ಏನಬೇ? ನಾಗರತ್ನಾನ ಮದುವಿಗಿ? ನಂದೂ ಮಾಸ್ಯಾದ ನೋಡು, ನನಗೂ ಹೇಳ್ಬೇಕಿತ್ತಿಲ್ಲ. ಯಾರ ಹಾಕ್ತಾರ ಈಗ?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಇನ್ನು ಹತ್ತು ದಿನಕ್ಕೆ ಚುಕ್ಕೆಗಳು ಮಾಯವಾದಾಗ ಇನ್ನೊಂದು ಸುಳ್ಳು ಬೇಕಾಗುತ್ತಿತ್ತು, ಅಷ್ಟೇ. ದುಂಡಮ್ಮಳ ಬಲಗೈ ಸೆರಗಿನ ಕಡೆ ಹೋಯಿತು. ಅರ್ಧಕ್ಕೆ ಇಳಿಸಿದಳು.

"ಹಾಕಿಸಿಲ್ಲ ಬೇ. ತೆಗಿಸಾಕತ್ತೀನಿ. ಲೇಸರ್."

ತುಳಜಾಬಾಯಿಯ ಕೈ ಇನ್ನೂ ಗದ್ದದ ಕೆಳಗೇ ಇತ್ತು.

"ಒಬ್ಬಾಕಿನೇ ಹ್ವಾದಿ?"

"ಹೂಂ."

"ಎಷ್ಟ ಸಲ?"

"ಮೂರು."

"ಮೂರು ಸಲದಾಗ ಒಂದ ಸಲರ ಫೋನ್ ಮಾಡ್ಬೇಕಿತ್ತು."

"ಮಾಡಿದ್ರ ನೀ ಬರ್ತಿದ್ದಿ ಏನು?"

"ಬರ್ತಿದ್ದಿಲ್ಲ. ಬೈತಿದ್ದೆ." ತುಳಜಾಬಾಯಿ ಕೈ ತೆಗೆದಳು. "ಬೈಯೂದರ ನನಗ ಬಿಡಬೇಕಿತ್ತಿಲ್ಲ."

ಸ್ಕಾರ್ಫನ್ನು ಮಡಚಿ ಗೂಟಕ್ಕೆ ಹಾಕಿ ಹೊರಗೆ ಹೋದಳು. ಅಂಗಳದಲ್ಲಿ ಅವಳ ದನಿ ಕೇಳಿತು. "ಒಲಿ ಹೊತ್ತಸ್ರಿ. ದುಂಡಮ್ಮಗ ಮೈಯಾಗ ಆರಾಮಿಲ್ಲ, ಆಕಿ ಕೂಡಂಗಿಲ್ಲ. ಮೊದಲನೇದು ಯಾರರ ಹಾಕ್ರಿ."

ದುಂಡಿ ಎನ್ನಲಿಲ್ಲ, ದುಂಡಮ್ಮ ಎಂದಳು. ಮೂವತ್ತಾರು ವರ್ಷದಲ್ಲಿ ಮೊದಲ ಸಲ.

ಹನ್ನೊಂದು ಗಂಟೆಗೆ ಕಲಬುರಗಿಗೆ ಬಸ್ಸಿತ್ತು. ಸ್ಕಾರ್ಫು ಗೂಟದಲ್ಲಿತ್ತು. ದುಂಡಮ್ಮ ಎರಡನ್ನೂ ಯೋಚಿಸಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಬಂದು, ಮೊದಲ ಒಲೆಯ ಮುಂದೆ ಕುಳಿತಿದ್ದವಳಿಗೆ, "ಸರಕೋ ಬೇ," ಎಂದಳು.

ತುಳಜಾಬಾಯಿ ನೋಡಿದಳು, ಬೇಡ ಅನ್ನಲಿಲ್ಲ.

ಮೊದಲ ರೊಟ್ಟಿ ಹಂಚಿಗೆ ಬಿತ್ತು. ಸುತ್ತಲೂ ಬಡಿತ ಶುರುವಾಯಿತು. ದುಂಡಮ್ಮಳ ಕೈಯ ರೊಟ್ಟಿ ಎಂದಿನಂತೆ ತೆಳ್ಳಗೆ ಬರುತ್ತಿತ್ತು, ಹಂಚಿಗೆ ಹಾಕುವ ಮುಂಚೆ ಅದರ ಆಚೆಗಿನ ಬೆಳಕು ಕಾಣುವಷ್ಟು. ಕೈಗೆ ಏಳು ದಿನದ ಹಸಿವು ಇತ್ತು. ಹತ್ತು, ಇಪ್ಪತ್ತು, ಐವತ್ತು. ಒಲೆಯ ಝಳ ನೇರ ಗದ್ದಕ್ಕೆ ಬಡಿಯಿತು. ಮೊದಲು ಗದ್ದ ಬಿಗಿದುಕೊಂಡಿತು, ಆಮೇಲೆ ಉರಿಯಿತು, ಆಮೇಲೆ ಗದ್ದವೇ ಇಲ್ಲ ಅನ್ನಿಸಿತು. ಬೆವರು ಇಳಿದಾಗ ಕೈಯಲ್ಲಿ ಹಿಟ್ಟಿದ್ದ ಕಾರಣ, ರೊಟ್ಟಿ ಬಡಿಯುವವರೆಲ್ಲ ಮಾಡುವಂತೆ, ಗದ್ದವನ್ನು ಭುಜಕ್ಕೆ ಒರೆಸಿಕೊಂಡಳು. ಎರಡನೇ ಸಲ ಒರೆಸಿಕೊಂಡಾಗ ಕುಪ್ಪಸದ ಮೇಲೆ ಕೆಂಪು ನೀರು ಕಂಡಿತು. ಕೆಳಗಿನ ಎರಡೂ ಗುಳ್ಳೆ ಒಡೆದಿದ್ದವು.

ತುಳಜಾಬಾಯಿ ಬಂದು ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

"ಏಳು. ಸಾಯಾಕ ಬಂದಿ ಏನು ನನ್ನ ಮನಿಗಿ?"

"ಇನ್ನಾ ಐವತ್ತು ಹಾಕ್ತೀನಿ ಬೇ."

"ಏಳಲೇ ದುಂಡಿ."

ದುಂಡಿ ಎಂದು ಕೇಳಿದ ಮೇಲೆ ದುಂಡಮ್ಮ ಎದ್ದಳು.

ಒಳಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ತುಳಜಾಬಾಯಿ ಗೋಡೆಯಲ್ಲಿನ ಮಾಡದಿಂದ ಹಿತ್ತಾಳೆಯ ಸಣ್ಣ ಡಬ್ಬಿ ತೆಗೆದಳು. ಆಯಿಯ ಕಾಡಿಗೆ ಡಬ್ಬಿ. ಮುಚ್ಚಳ ಸವೆದು ತೆಳ್ಳಗಾಗಿತ್ತು. ಅಂಗೈಯಲ್ಲಿ ಅರಿಶಿಣ ಹಾಕಿಕೊಂಡಳು, ಹರಳೆಣ್ಣೆ ಹನಿಸಿದಳು, ಕಾಡಿಗೆಯನ್ನು ಉಗುರಿನಿಂದ ಕೆರೆದು ಬೆರೆಸಿದಳು.

"ಆಯಿ ಹಿಂಗೇ ಹಚ್ಚತಿದ್ದಳು," ಎಂದಳು. "ಕೀವ ಆಗಂಗಿಲ್ಲ."

ಡಾಕ್ಟರು ಬೇಡ ಎಂದಿದ್ದ ಮೂರೂ ಆ ಒಂದು ಅಂಗೈಯಲ್ಲಿದ್ದವು. ದುಂಡಮ್ಮಳಿಗೆ ಅದು ಗೊತ್ತಿತ್ತು. ಆಮೇಲೆ ಮಗಳು, ಗಂಡ, ಡಾಕ್ಟರು ಮೂವರೂ ಕೇಳಿದರು, ನಿನಗ ಗೊತ್ತಿರಲಿಲ್ಲೇನು ಅಂತ. ಗೊತ್ತಿತ್ತು. ಬ್ಯಾಡ ಎಂಬ ಒಂದು ಮಾತು ಸಾಕಿತ್ತು. ಆದರೆ ಹಾಗಂದಿದ್ದರೆ ತುಳಜಾಬಾಯಿ ಅಂಗೈ ತೊಳೆದುಕೊಂಡು ಮತ್ತೆ ಹೊರಗೆ ಹೋಗುತ್ತಿದ್ದಳು, ಮತ್ತೆ ದುಂಡಮ್ಮ ಎಂದು ಕರೆಯುತ್ತಿದ್ದಳು.

ದುಂಡಮ್ಮ ಗದ್ದ ಮೇಲೆತ್ತಿ ಕಣ್ಣು ಮುಚ್ಚಿದಳು.

"ಇದು ನಾ," ಎಂದಳು ತುಳಜಾಬಾಯಿ, ಮೇಲಿನ ಮೊದಲ ಚುಕ್ಕೆಗೆ ಬೆರಳಿಟ್ಟು. "ಇದು ಅಮೀನಾ. ನಡುವಿಂದು ನೀನೇ. ನಿನ್ನ ಹೆಸರ ನೀನೇ ಒದರಿದಿ, ಮುದುಕಿ ನಕ್ಕಳು. ಕೆಳಗಿಂದು ಇದು ಪುತಳಿ. ಇದು ರೇವತಿ. ರೇವತಿ ಅನ್ನೂತಲೇ ನೀ ಅತ್ತಿ."

"ಅತ್ತಿಲ್ಲ."

"ಅತ್ತಿ. ಸುಂಬಳ ನನ್ನ ಲಂಗಕ್ಕ ಒರಸಿದಿ."

ಒಡೆದ ಗುಳ್ಳೆಗಳಿಗೆ ಬೆರಳು ತಾಗಿದಾಗ ಜೀವ ಹೋಗುವಷ್ಟು ಉರಿಯಿತು. ಹೊರಗೆ ಹೆಂಗಸರು ಬಡಿಯುವ ಸದ್ದು ಒಂದೇ ಸಮ ಕೇಳುತ್ತಿತ್ತು. ದುಂಡಮ್ಮ ಈ ಸಲವೂ ಅಳಲಿಲ್ಲ ಎಂದೇ ಹೇಳುತ್ತಾಳೆ.

ಮುಂದಿನದು ಡಾಕ್ಟರು ಹೇಳಿದಂತೆಯೇ ಆಯಿತು. ಮೂರನೇ ದಿನ ಜ್ವರ, ನಾಲ್ಕನೇ ದಿನ ಕೀವು. ಪ್ರೀತಿ ಮಾತು ಬಿಟ್ಟಳು, ಆದರೆ ಮಾತ್ರೆ ತಂದುಕೊಟ್ಟಳು. ಡಾಕ್ಟರು ಬೈಯಲಿಲ್ಲ, ಹತ್ತಿಯಿಂದ ಒರೆಸುತ್ತ, "ಏನೇನು ಹಚ್ಚೀರಿ?" ಎಂದು ಮಾತ್ರ ಕೇಳಿದರು. ದುಂಡಮ್ಮ ಮೂರೂ ಹೆಸರು ಹೇಳಿದಳು. ಅವರು ಹತ್ತಿ ಕೆಳಗಿಟ್ಟು ಮೂರನ್ನೂ ಚೀಟಿಯಲ್ಲಿ ಬರೆದುಕೊಂಡರು.

ಮದುವೆಯ ಫೋಟೋಗಳಲ್ಲಿ ದುಂಡಮ್ಮ ಗದ್ದಕ್ಕೆ ಬಿಳಿ ಪಟ್ಟಿ ಅಂಟಿಸಿಕೊಂಡು ನಿಂತಿದ್ದಾಳೆ. ಪಕ್ಕದಲ್ಲಿ ತುಳಜಾಬಾಯಿ. ಅವಳ ಐದೂ ಮಾಸಿದ ಚುಕ್ಕೆ ಸ್ಪಷ್ಟವಾಗಿ ಕಾಣುತ್ತವೆ.

ಶ್ರಾವಣದಲ್ಲಿ ತುಳಜಾಬಾಯಿ ಕೆಂಪು ಬಾಳೆಯ ಒಂದು ಚಿಪ್ಪು ಹಿಡಿದು ಕಲಬುರಗಿಗೆ ಬಂದಳು. ರೊಟ್ಟಿಮನೆಯ ಬಾಗಿಲಲ್ಲಿ ನಿಂತು, ಒಲೆ ಬಿಟ್ಟು ಎದ್ದುಬಂದ ದುಂಡಮ್ಮಳ ಗದ್ದವನ್ನು ಬೆಳಕಿಗೆ ತಿರುಗಿಸಿದಳು. ಹಕ್ಕಳೆ ಎಲ್ಲ ಉದುರಿತ್ತು. ಮೇಲಿನ ಎರಡೂ ನಡುವಿನದೂ ಹೋಗಿ, ಆ ಜಾಗದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಲೆ ಉಳಿದಿತ್ತು. ಕೆಳಗಿನ ಎರಡು ಒಡೆದಿದ್ದ ಗುಳ್ಳೆಗಳೊಳಗೆ ಕಾಡಿಗೆ ಇಳಿದು ಕೂತಿತ್ತು. ಅವು ಮೊದಲಿಗಿಂತ ದಪ್ಪಗೆ, ಮೊದಲಿಗಿಂತ ಕಪ್ಪಗೆ ಇದ್ದವು. ಇನ್ನೊಂದು ವರ್ಷ ಆ ಜಾಗ ಮುಟ್ಟುವಂತಿಲ್ಲ, ಬಿಳಿ ಕಲೆಗೆ ಬಣ್ಣ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದಿದ್ದರು ಡಾಕ್ಟರು.

ತುಳಜಾಬಾಯಿ ಒಂದೊಂದಾಗಿ ಬೆರಳಿಟ್ಟು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಜೀವಂತ ಇದ್ದಾಕಿ ನನಗ ಕಳದಿ. ಅಮೀನಾಗ ಕಳದಿ. ನಿನ್ನ ನೀನೇ ಕಳಕೊಂಡಿ. ಸತ್ತಾಕಿ ಪುತಳಿ ಕುಂತಾಳ ನೋಡು, ಎಲ್ಲಿ ಅದಾಳೋ ಗೊತ್ತಿಲ್ಲದ ರೇವತಿ ಕುಂತಾಳ. ಛಲೋ ಕೆಲಸ ಮಾಡಿದಿ ಬೇ."

"ನಿನ್ನ ಕೈ ಗುಣ ಅದು," ಎಂದಳು ದುಂಡಮ್ಮ.

"ಮತ್ತ ಈಗ ನಿನಗ ಹೆಂಗ ಗುರ್ತ ಹಿಡೀಲಿ?"

"ಎಮ್ಮಿಕರ ಇದ್ದಂಗ ಅದ ಅಂದಿದ್ದಿಲ್ಲ. ಹಂಗೇ ಹಿಡಿ."

ಗಲ್ಲಿಯ ಕಡೆಯಿಂದ ಯಾರೋ ಹೊಸಬರು, "ಹಚ್ಚಿ ಆಂಟಿ ರೊಟ್ಟಿ ಇದೇ ಏನ್ರಿ?" ಎಂದು ಕೇಳಿದರು. ಇದೇ ಎಂದಳು ತುಳಜಾಬಾಯಿ. ಇಬ್ಬರೂ ಒಲೆಯ ಮುಂದೆ ಕುಳಿತರು, ಒಬ್ಬಳು ಬಡಿದಳು, ಒಬ್ಬಳು ಬೇಯಿಸಿದಳು.

ಒಟ್ಟಿನಲ್ಲಿ ಹೋದದ್ದು ಇಷ್ಟು: ಐದು ಚುಕ್ಕೆಗಳಲ್ಲಿ ಮೂರು, ಒಲೆ ಮುಂದೆ ಕೂರದ ನಲವತ್ತೊಂದು ದಿನ, ರೊಟ್ಟಿ ಬೇರೆ ಕಡೆ ಹಚ್ಚಿಕೊಂಡ ಏಳು ಮನೆ.